ಮೂರನೇ ಕರಾರು

ನಮ್ಮ ಮದುವೆಗೆ ನಾಲ್ಕು ಕರಾರುಗಳಿದ್ದವು. ಅವನ್ನು ಬರೆದದ್ದು ಎಕ್ಸ್‌ರೇ ಫಿಲ್ಮು ಹಾಕಿಕೊಡುವ ದೊಡ್ಡ ಕಂದು ಲಕೋಟೆಯ ಹಿಂಬದಿಗೆ. ಬೇರೆ ಕಾಗದ ಕೈಗೆ ಸಿಕ್ಕಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಹದಿನೈದು ನಿಮಿಷದಲ್ಲಿ ಮಾತು ಮುಗಿಸಬೇಕಿತ್ತು. ಅವರ ಪಾಳಿ ಶುರುವಾಗುವುದರಲ್ಲಿತ್ತು, ನನ್ನದು ಆಗತಾನೇ ಮುಗಿದಿತ್ತು. ಒಂದು: ಇಬ್ಬರಿಗೂ ಬೇರೆ ಬೇರೆ ಕೋಣೆ. ಎರಡು: ಅಡುಗೆ, ಬಟ್ಟೆ ಅವರವರದು ಅವರವರಿಗೆ. ಮೂರು: ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವಂತಿಲ್ಲ. ನಾಲ್ಕು: ಯಾರಿಗಾದರೂ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಕ್ಕರೆ ಇನ್ನೊಬ್ಬರು ಗಲಾಟೆ ಮಾಡದೆ ಬಿಟ್ಟುಕೊಡಬೇಕು.

ಮೂರನೆಯದನ್ನು ಹಾಕಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರ ಮೇಲೂ ಗೂಬೆ ಕೂರಿಸುವುದು ಬೇಡ.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದವಳು. ಡಾಕ್ಟರುಗಳ ಬಿಳಿ ಕೋಟಿಗೆ, ನರ್ಸುಗಳ ಟೋಪಿಗೆ ಗಂಜಿ ಹಾಕಿ ಗರಿಗರಿಯಾಗಿ ಮಡಿಸುವುದು ನನ್ನ ಕೆಲಸ. ಹದಿನೇಳು ವರ್ಷದಿಂದ ಇದೇ. ಎಷ್ಟು ತಿಕ್ಕಿ ತೊಳೆದರೂ ಗಂಜಿ ಬೆರಳಿನ ಗೆರೆಗಳಲ್ಲಿ ಒಣಗಿ ಹುಡಿಯಾಗಿ ಕೂತಿರುತ್ತದೆ. ಮುಟ್ಟಿದ ಕಡೆಯೆಲ್ಲ ಬಿಳಿ ಗುರುತು. ಕಳ್ಳತನಕ್ಕಂತೂ ನೀನು ಲಾಯಕ್ಕಿಲ್ಲ ಎಂದು ಪಕ್ಕದ ಮೇಜಿನ ಅಕ್ಕ ತಮಾಷೆ ಮಾಡುತ್ತಾಳೆ. ಅವಳೇನು ಒಡಹುಟ್ಟಿದವಳಲ್ಲ, ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯಳು, ಹಾಗಾಗಿ ಎಲ್ಲರಿಗೂ ಅಕ್ಕ.

ಮದುವೆಗೆ ಮುಂಚೆ ಹದಿನಾಲ್ಕು ವರ್ಷ ನಾನಿದ್ದದ್ದು ಆಸ್ಪತ್ರೆಯ ಮಹಿಳಾ ಹಾಸ್ಟೆಲಿನಲ್ಲಿ. ಒಂದು ಕೋಣೆಗೆ ಎಂಟು ಮಂಚ. ಅಲ್ಲಿ ಗೋಡೆಗಳಿಗಿಂತ ಪ್ರಶ್ನೆಗಳೇ ಹೆಚ್ಚು. ಎಲ್ಲಿಗೆ ಹೋಗಿದ್ದೆ, ಯಾರ ಫೋನು, ಯಾಕೆ ಮುಖ ಸಪ್ಪಗಿದೆ, ಇಷ್ಟು ವಯಸ್ಸಾದರೂ ಯಾಕೆ ಯಾರೂ ಸಿಗಲಿಲ್ಲ. ಒಂದು ದಿನ ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂತರೂ ಏಳು ಜನ ಕಾರಣ ಕೇಳುತ್ತಿದ್ದರು. ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿತ್ತು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಸಿಕ್ಕರೆ ಸಾಕು, ಇನ್ನೇನೂ ಬೇಡ ಅನ್ನಿಸುತ್ತಿತ್ತು. ಆದರೆ ಕ್ವಾರ್ಟರ್ಸ್ ಕೊಡುತ್ತಿದ್ದದ್ದು ಮದುವೆಯಾದ ನೌಕರರಿಗೆ ಮಾತ್ರ.

ಅವರು ಎಕ್ಸ್‌ರೇ ತೆಗೆಯುವವರು. ಅಣ್ಣನ ಮನೆಯ ಹಿಂಭಾಗದ ಕೋಣೆಯಲ್ಲಿದ್ದರು. ಅತ್ತಿಗೆ ಕೆಟ್ಟವಳಲ್ಲವಂತೆ, ಆದರೆ ದಿನಕ್ಕೊಂದು ಸಲವಾದರೂ, ಮಗ ದೊಡ್ಡವನಾಗುತ್ತಿದ್ದಾನೆ, ಅವನಿಗೂ ಒಂದು ಕೋಣೆ ಬೇಕಲ್ಲ ಎಂದು ಒಗ್ಗರಣೆಯ ಸದ್ದಿನ ನಡುವೆ ಗಟ್ಟಿಯಾಗಿ ಹೇಳುತ್ತಿದ್ದಳಂತೆ. ಒಂದು ದಿನ ಅವರು ತಮ್ಮ ಕೋಟನ್ನು ತಾವೇ ಲಾಂಡ್ರಿಗೆ ತಂದರು. ಆ ಕೋಟು ಮಾಮೂಲಾಗಿ ಮೂಟೆಯಲ್ಲಿ ಬರುತ್ತಿತ್ತು, ಕೈಯಲ್ಲಿ ಹಿಡಿದು ತರುವಂಥ ವಸ್ತುವೇ ಅಲ್ಲ. ನನ್ನ ಮೇಜಿನ ಮೇಲಿಟ್ಟು, ನನ್ನ ಕಡೆ ನೋಡದೆ, ನಿಮಗೂ ಮನೆ ಬೇಕು ಅಂತ ಕೇಳಿದೆ, ನನಗೂ ಬೇಕು ಎಂದರು. ನನ್ನ ಜೀವನದಲ್ಲಿ ಬಂದ ಏಕೈಕ ಮದುವೆ ಪ್ರಸ್ತಾಪ ಇಷ್ಟು. ಇಸ್ತ್ರಿ ಪೆಟ್ಟಿಗೆ ಕೆಳಗಿಡುವುದನ್ನು ಮರೆತು ಒಂದು ಟೋಪಿ ಸುಟ್ಟೆ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದೆವು. ಅಕ್ಕ ಸಾಕ್ಷಿ. ಅವಳು ಮಾತ್ರ ಕಣ್ಣು ಒರೆಸಿಕೊಂಡಳು, ನಾವಿಬ್ಬರೂ ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದೆವು.

ಮನೆ ಎಂದರೆ ಎರಡು ಕೋಣೆ, ನಡುವೆ ಒಂದು ಹಜಾರ, ಹಿಂದೆ ಅಡುಗೆಮನೆ. ನನ್ನ ಪಾಳಿ ಬೆಳಿಗ್ಗೆ ಆರರಿಂದ ಒಂದರವರೆಗೆ, ಅವರದು ಮಧ್ಯಾಹ್ನ ಎರಡರಿಂದ ಹತ್ತರವರೆಗೆ. ನಾನು ಬರುವಷ್ಟರಲ್ಲಿ ಅವರು ಹೊರಟಿರುತ್ತಿದ್ದರು, ಅವರು ಬರುವಷ್ಟರಲ್ಲಿ ನಾನು ಮಲಗಿರುತ್ತಿದ್ದೆ. ವಾರಕ್ಕೊಮ್ಮೆ ಭಾನುವಾರ ಇಬ್ಬರಿಗೂ ರಜೆ. ಅಂದು ಹಜಾರದಲ್ಲಿ ಎದುರಾದರೆ, ಬಿಸಿಲು ಜೋರಾಗಿದೆ, ನಲ್ಲಿ ಸೋರುತ್ತಿದೆ ಎಂದು ಮಾತಾಡಿಕೊಳ್ಳುತ್ತಿದ್ದೆವು. ಅವೆರಡೂ ಪ್ರಶ್ನೆಗಳಲ್ಲ.

ಮೊದಲ ಆರು ತಿಂಗಳು ಸ್ವರ್ಗ. ಬಾಗಿಲು ಹಾಕಿಕೊಂಡರೆ ಯಾರೂ ಕೇಳುವವರಿಲ್ಲ. ಆಮೇಲೆ, ಯಾವಾಗಿನಿಂದ ಎಂದು ಹೇಳಲಾರೆ, ಆ ಯಾರೂ ಕೇಳುವವರಿಲ್ಲ ಎಂಬ ಮಾತೇ ಬೇರೆ ಥರ ಕೇಳಿಸತೊಡಗಿತು. ಒಮ್ಮೆ ಇಸ್ತ್ರಿ ಪೆಟ್ಟಿಗೆ ತಗುಲಿ ಮುಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಭಾನುವಾರ ಹಜಾರದಲ್ಲಿ ಆ ಕೈಯಲ್ಲೇ ಲೋಟ ಹಿಡಿದು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತೆ. ಅವರು ಕೈಯನ್ನು ನೋಡಿದರು, ನನ್ನ ಮುಖ ನೋಡಿದರು, ಬಾಯಿ ತೆರೆದು ಮುಚ್ಚಿದರು, ಬಿಸಿಲು ಜೋರಾಗಿದೆ ಎಂದರು. ಮಾರನೆಯ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಸುಟ್ಟಗಾಯದ ಮುಲಾಮು ಇತ್ತು. ಮುಲಾಮು ಹಚ್ಚಿಕೊಂಡೆ. ಏನಾಯಿತು ಎಂದು ಯಾರಾದರೂ ಕೇಳಿದ್ದರೆ ಬೇಗ ವಾಸಿಯಾಗುತ್ತಿತ್ತೇನೋ ಎಂದು ನನ್ನ ಬುದ್ಧಿಗೇಡಿ ಮನಸ್ಸಿಗೆ ಅನ್ನಿಸಿತು.

ಆಗಿನಿಂದ ನನಗೊಂದು ಅಭ್ಯಾಸ ಹತ್ತಿತು. ಮಧ್ಯಾಹ್ನ ಕೆಲಸದಿಂದ ಬಂದವಳೇ ಅವರ ಕೋಣೆಯ ಬಾಗಿಲು ತೆಗೆಯುತ್ತಿದ್ದೆ. ಒಳಗೆ ಕಾಲಿಡುತ್ತಿರಲಿಲ್ಲ, ಕರಾರು ಕರಾರೇ. ಹೊಸ್ತಿಲಲ್ಲಿ ನಿಂತು ನೋಡುವುದು: ಸುಕ್ಕಿಲ್ಲದ ಹಾಸಿಗೆ, ಕುರ್ಚಿಯ ಬೆನ್ನಿಗೆ ಹಾಕಿದ ಟವೆಲು, ಗೋಡೆಗೆ ಒತ್ತಿಕೊಂಡು ಜೋಡಿಸಿಟ್ಟ ಚಪ್ಪಲಿ, ಕಿಟಕಿಯಲ್ಲಿ ಮಡಿಸಿಟ್ಟ ಓದುವ ಕನ್ನಡಕ. ಒಬ್ಬ ಮನುಷ್ಯ ಇಲ್ಲಿ ಇದ್ದ ಎನ್ನುವುದಕ್ಕೆ ಅಷ್ಟು ಸಾಕ್ಷಿ ಸಿಕ್ಕರೆ ಸಾಕಾಗುತ್ತಿತ್ತು. ಒಂದೆರಡು ನಿಮಿಷ ನಿಂತು ಬಾಗಿಲು ಮುಚ್ಚಿ ನನ್ನ ಅನ್ನಕ್ಕೆ ನೀರಿಡಲು ಹೋಗುತ್ತಿದ್ದೆ. ಎರಡೂವರೆ ವರ್ಷ ಹೀಗೇ ನಡೆಯಿತು. ಪ್ರೀತಿ ಎನ್ನುವ ಮಾತನ್ನು ನಾನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹತ್ತಿರ ಬಿಟ್ಟುಕೊಂಡರೆ ಅದೂ ಪ್ರಶ್ನೆ ಕೇಳಲು ಶುರುಮಾಡುತ್ತದೆ.

ಮೂರು ವರ್ಷ ತುಂಬುವ ಹೊತ್ತಿಗೆ ಆಸ್ಪತ್ರೆಯವರು ಹೊಸ ಕಟ್ಟಡ ಕಟ್ಟಿ ಮುಗಿಸಿದರು. ಒಂಟಿ ನೌಕರರಿಗೂ ಇನ್ನು ಮುಂದೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಗಂಡ ಹೆಂಡತಿ ಬೇರೆ ಬೇರೆ ಇರುವುದಾದರೆ ಅವರೂ ಅರ್ಜಿ ಹಾಕಬಹುದು, ಇಬ್ಬರಲ್ಲಿ ಒಬ್ಬರು ಕೊಟ್ಟರೂ ಅವರ ಜೋಡಿ ಮನೆ ಅಂದೇ ಕಾಯುತ್ತಿರುವವರಿಗೆ ಹೋಗುತ್ತದೆ, ಕೊನೆಯ ದಿನ ಇಂಥ ಗುರುವಾರ ಸಂಜೆ ಐದು ಗಂಟೆ ಎಂದು ನೋಟಿಸು ಅಂಟಿಸಿದರು. ನಾವು ಮದುವೆಯಾದ ಕಾರಣವೇ ಒಂದು ಹಾಳೆಯಲ್ಲಿ ಹೊರಟುಹೋಯಿತು. ಎಲ್ಲರೂ ಅರ್ಜಿ ನಮೂನೆ ತೆಗೆದುಕೊಳ್ಳುತ್ತಿದ್ದರು, ನಾನೂ ಒಂದು ತಂದೆ. ಅಂದು ಮಧ್ಯಾಹ್ನ ಅವರ ಕೋಣೆಯ ಬಾಗಿಲು ತೆಗೆದಾಗ ಮೇಜಿನ ಮೇಲೆ ಅದೇ ನಮೂನೆ ಕಂಡಿತು. ಇನ್ನೂ ಖಾಲಿ ಇತ್ತು. ಕನ್ನಡಕವನ್ನು ಅದರ ಮೇಲಿಟ್ಟಿದ್ದರು.

ನೀವು ಹೋಗುತ್ತೀರಾ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಎರಡೇ ಮಾತು. ಆದರೆ ಮೂರು ವರ್ಷ ಪಾಲಿಸಿದ ಕರಾರನ್ನು ನಾನೇ ಮೊದಲು ಮುರಿಯುವುದು ಹೇಗೆ? ಹೋಗುತ್ತೇನೆ ಎಂದುಬಿಟ್ಟರೆ ಆ ಮುಖ ಹೊತ್ತು ಅದೇ ಹಜಾರದಲ್ಲಿ ಓಡಾಡುವುದು ಹೇಗೆ? ನನಗೆ ಬಿಗುಮಾನ ಜಾಸ್ತಿ. ಕೋಟುಗಳಿಗೆ ಹಾಕುವ ಗಂಜಿಯಲ್ಲಿ ಸ್ವಲ್ಪ ನನ್ನ ಕತ್ತಿಗೂ ಹತ್ತಿದೆ ಎಂದು ಅಕ್ಕ ಅನ್ನುವುದು ಸುಳ್ಳಲ್ಲ.

ಕೊನೆಯ ದಿನಕ್ಕೆ ಇನ್ನು ಒಂದು ವಾರವಿದೆ ಎನ್ನುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಚೀಟಿ ಇತ್ತು. ಪೇಟೆಯ ಚಿತ್ರಮಂದಿರದಲ್ಲಿ ಒಂದು ಹಿಂದಿ ಚಿತ್ರ ನಡೆಯುತ್ತಿದೆಯಂತೆ, ಅನುಕೂಲಕ್ಕೆಂದು ಮದುವೆಯಾದ ಗಂಡ ಹೆಂಡತಿಯ ಕಥೆಯಂತೆ. ದಿನಕ್ಕೆ ಒಂದೇ ಆಟ, ಹನ್ನೊಂದೂವರೆಗೆ. ಶನಿವಾರ ಮಧ್ಯಂತರದವರೆಗೆ ನಾನು ನೋಡಿ ಕೆಲಸಕ್ಕೆ ಹೋಗುತ್ತೇನೆ, ಆಮೇಲಿನದನ್ನು ನೀವು ನೋಡಬಹುದು, ಒಂದೇ ಟಿಕೆಟ್ ಸಾಕು, ಗೇಟಿನವರಿಗೆ ಹೇಳಿದ್ದೇನೆ. ಭಾನುವಾರ ಒಬ್ಬರಿಗೊಬ್ಬರು ಹೇಳಿಕೊಂಡರಾಯಿತು. ಇಷ್ಟು ಉದ್ದದ ಚೀಟಿಯನ್ನು ಅವರು ಬರೆದದ್ದು ಅದೇ ಮೊದಲು. ನಾಲ್ಕು ಸಲ ಓದಿದೆ. ಆ ಮೇಲೆ ಕಟ್ಟೆಯ ಮೇಲೆಯೇ ಇಟ್ಟೆ, ಓದಿಲ್ಲವೇನೋ ಎನ್ನುವ ಹಾಗೆ.

ಗೇಟು ಕಾಯುವವನಿಗೆ ಊರೆಲ್ಲ ಮಂಡಿಮಾಮ ಎನ್ನುತ್ತಿತ್ತು. ಅವನ ಎರಡೂ ಮಂಡಿ ಹೋಗಿದ್ದವು, ಮಾತು ಯಾವುದೇ ಇರಲಿ ಕೊನೆಗೆ ಮಂಡಿಗೇ ಬಂದು ನಿಲ್ಲುತ್ತಿತ್ತು. ಅವನ ಮಂಡಿಯ ಒಳಗನ್ನು ನೋಡಿದವರು ನಮ್ಮವರೇ ಆದ್ದರಿಂದ ಅರ್ಧ ಟಿಕೆಟ್ಟಿನ ಏರ್ಪಾಡಿಗೆ ಅವನು ಒಪ್ಪಿದ್ದ. ಶನಿವಾರ ನಾನು ಓಡೋಡಿ ಹೋಗುವಷ್ಟರಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಮಂಡಿಮಾಮ ಸ್ಟೂಲಿನ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. ಕೈ ಎಣ್ಣೆಯಾಗಿದ್ದರಿಂದ ಗದ್ದದಿಂದಲೇ ದಾರಿ ತೋರಿಸಿದ. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಸಭಾಂಗಣ, ಎರಡು ಬಾಗಿಲು. ಜನ ಲೋಟ ಹಿಡಿದು ಬಲಗಡೆಯ ಬಾಗಿಲಿಗೆ ನುಗ್ಗುತ್ತಿದ್ದರು, ನಾನೂ ನುಗ್ಗಿದೆ.

ಹಿಂದಿ ನನಗೆ ಅರ್ಧಂಬರ್ಧ. ನಟರ ಹೆಸರು ಗೊತ್ತಿಲ್ಲ, ಹಿಂದಿಯ ನಾಯಕರೆಲ್ಲ ನನ್ನ ಕಣ್ಣಿಗೆ ಒಂದೇ ಅಚ್ಚಿನವರು. ಕತ್ತಲೆಯಲ್ಲಿ ಕೂತು ನೋಡಿದ್ದಿಷ್ಟು. ಗಡ್ಡ ಬಿಟ್ಟ ಗಂಡ, ಉದ್ದ ಜಡೆಯ ಹೆಂಡತಿ, ಅವಳಿಗೊಬ್ಬ ಪೊಲೀಸ್ ಅಣ್ಣ. ಏನೋ ಜಗಳ, ಏನೋ ಪತ್ರ. ಕೊನೆಗೆ ರೈಲು ನಿಲ್ದಾಣ. ಹೆಂಡತಿ ತನ್ನ ಕೈಯಾರೆ ಗಂಡನ ಪೆಟ್ಟಿಗೆಯನ್ನು ಬೋಗಿಯೊಳಗಿಟ್ಟು, ನೀನು ಹೋದರೇ ನನಗೆ ಒಳ್ಳೆಯದು ಎಂದು ಹೇಳಿ, ಹಿಂತಿರುಗಿ ನೋಡದೆ ನಡೆದುಹೋಗುತ್ತಾಳೆ. ರೈಲು ಹೊರಡುತ್ತದೆ. ದೀಪ ಹತ್ತಿತು. ಪಕ್ಕದ ಹೆಂಗಸು ಮೂಗು ಸೀಟುತ್ತಿದ್ದಳು. ನಾನು ಅಳಲಿಲ್ಲ, ಆದರೆ ಮನೆಗೆ ನಡೆದುಕೊಂಡು ಬರುವಾಗ ರಸ್ತೆಯ ತುಂಬ ಆ ಪೆಟ್ಟಿಗೆಯೇ ಕಾಣುತ್ತಿತ್ತು.

ಭಾನುವಾರ ಹಜಾರದಲ್ಲಿ ಕೂತೆವು. ಇಬ್ಬರೂ ತಮ್ಮ ತಮ್ಮ ಕೋಣೆಯಿಂದ ಕುರ್ಚಿ ತಂದಿದ್ದೆವು. ಮೊದಲು ಅವರು ಹೇಳಿದರು. ಗಂಡ ನಕ್ಷೆ ಬಿಡಿಸುವ ಕಚೇರಿಯಲ್ಲಿ ಕೆಲಸಗಾರ, ಹೆಂಡತಿ ಶಾಲೆಯಲ್ಲಿ ಸಂಗೀತ ಕಲಿಸುವವಳು. ಸಂಸಾರಸ್ಥರಿಗಷ್ಟೇ ಮನೆ ಕೊಡುತ್ತೇನೆ ಎನ್ನುವ ಮಾಲೀಕನ ಕಾಟಕ್ಕೆ ಇಬ್ಬರೂ ಮದುವೆಯಾಗುತ್ತಾರೆ. ಒಂದೇ ಕೋಣೆ, ನಡುವೆ ಹಗ್ಗ ಕಟ್ಟಿ ಪರದೆ ಬಿಡುತ್ತಾರೆ. ಪರದೆಯಾಚೆ ಅವಳು ಗುನುಗುವುದನ್ನು ಕೇಳುತ್ತಾ ಅವನು ನಕ್ಷೆಯಲ್ಲಿ ನದಿಗಳನ್ನು ತಪ್ಪುತಪ್ಪಾಗಿ ಬಿಡಿಸುತ್ತಾನೆ. ಅವರು ಇಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ದನಿ ಚೆನ್ನಾಗಿತ್ತು. ಕೊನೆಗೆ ಗೋಡೆಯ ಕಡೆ ನೋಡುತ್ತಾ, "ಆಮೇಲೆ ಅವರಿಬ್ಬರಿಗೂ ಬೇರೆ ಬೇರೆ ಮನೆ ಸಿಗೋ ಹಾಗಾಗುತ್ತೆ. ಅಲ್ಲಿಗೆ ಇಂಟರ್ವಲ್. ಮುಂದೆ ಏನಾಯ್ತು ಅಂತ ನೀವು ಹೇಳಬೇಕು" ಎಂದರು.

ಅದು ಪ್ರಶ್ನೆಯಾಗಿರಲಿಲ್ಲ. ಕರಾರಿನ ಗೆರೆಗೆ ಕಾಲು ತಾಗಿಸಿ ನಿಂತ ಮಾತು.

ನಾನು ಹೇಳಿದೆ. ಎರಡು ಅರ್ಧಗಳು ಸರಿಯಾಗಿ ಕೂಡಿಕೊಳ್ಳದಿದ್ದ ಕಡೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಡ್ಡ? ದುಃಖಕ್ಕೆ ಬಿಟ್ಟಿರಬೇಕು. ಜಡೆ? ಕೆಲವು ವರ್ಷ ಕಳೆದಿರಬೇಕು. ಪೊಲೀಸ್ ಅಣ್ಣ ಎಂದಾಗ ಅವರ ಹುಬ್ಬು ಗಂಟಾಯಿತು. ರೈಲು, ಪೆಟ್ಟಿಗೆ, ಹಿಂತಿರುಗಿ ನೋಡದ ಹೆಂಡತಿ, ಎಲ್ಲವನ್ನೂ ಹೇಳಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಬಿಗುಮಾನ ಕೇಳಬೇಕಲ್ಲ. ಎದುರಿಗಿರುವವರು ಹೊರಡುವ ಮನಸ್ಸಿನಲ್ಲಿದ್ದರೆ ತಡೆಯುವವಳ ಹಾಗೆ ಕಾಣಬಾರದು ಎಂದುಕೊಂಡು, "ಅವಳು ಮಾಡಿದ್ದೇ ಸರಿ ಅನ್ನಿಸ್ತು ನನಗೆ" ಎಂದು ಬೇರೆ ಸೇರಿಸಿದೆ.

ಅವರು ಸರಿ ಎಂದರು. ತಮ್ಮ ಕುರ್ಚಿ ಎತ್ತಿಕೊಂಡು ಕೋಣೆಗೆ ಹೋದರು. ನನ್ನ ಕುರ್ಚಿ ಹಜಾರದಲ್ಲಿ ಒಂಟಿಯಾಗಿ ಉಳಿಯಿತು, ಅದನ್ನು ನೋಡಲಾಗದೆ ನಾನೂ ಒಳಗೆ ತಂದಿಟ್ಟೆ.

ಸೋಮವಾರ, ಮಂಗಳವಾರ ಮಧ್ಯಾಹ್ನ ಅವರ ಬಾಗಿಲು ತೆಗೆದು ನೋಡಿದೆ. ನಮೂನೆ ಮೇಜಿನ ಮೇಲೆ ಕಾಣಲಿಲ್ಲ. ಎಲ್ಲಿಟ್ಟರೋ ತಿಳಿಯಲಿಲ್ಲ. ಬುಧವಾರ ಕೆಲಸಕ್ಕೆ ಹೋದವಳು ನಾಲ್ಕು ಕೋಟು ತಪ್ಪು ಮಡಿಸಿದೆ. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತು, ಏನಾಗಿದೆ ಹೇಳು ಎಂದಳು. ಹದಿನಾಲ್ಕು ವರ್ಷ ಕೇಳಿ ಸಾಕಾಗಿದ್ದ ಮಾತು ಅಂದು ಎಷ್ಟು ತಂಪಾಗಿ ಕೇಳಿಸಿತೆಂದರೆ ಎಲ್ಲವನ್ನೂ ಹೇಳಿದೆ. ಅವಳಿಗೆ ಸಿನಿಮಾದ ಹುಚ್ಚು. ಕೊನೆಯನ್ನಷ್ಟೇ ನೋಡಿದರೆ ಏನು ತಿಳಿಯುತ್ತದೆ, ನಾಳೆ ಆ ಸಿನಿಮಾಕ್ಕೂ ಕೊನೆಯ ದಿನ, ನಿನ್ನ ಪಾಳಿ ನಾನು ನೋಡಿಕೊಳ್ಳುತ್ತೇನೆ, ಮೊದಲಿಂದ ನೋಡಿ ಬಾ, ಅವರು ಯಾಕೆ ತೋರಿಸಿದರು ಎಂದು ಆಗ ತಿಳಿದೀತು ಎಂದಳು.

ಗುರುವಾರ ಹನ್ನೊಂದೂವರೆಗೆ ಹೋದೆ. ಮಂಡಿಮಾಮ ಟಿಕೆಟ್ ಹರಿದು, ಎಡಗಡೆಯ ಬಾಗಿಲು ತೋರಿಸಿದ. ಮೊನ್ನೆ ಬಲಗಡೆ ಕೂತಿದ್ದೆನಲ್ಲ ಎಂದೆ. ಅಲ್ಲಿ ಬೇರೆ ಸಿನಿಮಾ ಕಣಮ್ಮ, ಅದೂ ಹಿಂದಿಯೇ, ಎರಡಕ್ಕೂ ಇಂಟರ್ವಲ್ ಹತ್ತಿರ ಹತ್ತಿರ ಬರುತ್ತೆ, ನನ್ನ ಮಂಡಿ ಸರಿ ಇದ್ದಿದ್ದರೆ ಎದ್ದು ಬಂದೇ ಕೂರಿಸುತ್ತಿದ್ದೆ ಎಂದ. ಒಳಗೆ ಹೋಗಿ ಕೂತೆ. ಗಡ್ಡವಿಲ್ಲದ ಗಂಡ ನಕ್ಷೆ ಬಿಡಿಸುತ್ತಿದ್ದ. ಕತ್ತಿನವರೆಗಷ್ಟೇ ಕೂದಲಿದ್ದ ಹೆಂಡತಿ ಪರದೆಯಾಚೆ ಗುನುಗುತ್ತಿದ್ದಳು. ಪೊಲೀಸ್ ಅಣ್ಣನ ಸುಳಿವೇ ಇಲ್ಲ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ನಾನು ಹೇಳಿದ್ದು ಇನ್ಯಾರದೋ ಸಂಸಾರದ ಕೊನೆ. ಮಧ್ಯಂತರದ ದೀಪ ಹತ್ತಿದ್ದೇ ಎದ್ದೆ. ಮುಂದಿನದನ್ನು ನೋಡಲು ಪುರುಸೊತ್ತಿರಲಿಲ್ಲ, ನನ್ನದೇ ಐದು ಗಂಟೆಗೆ ಮುಗಿಯುವುದಿತ್ತು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ದಾಟಿ ಅವರ ಪಾಳಿ ಶುರುವಾಗಿತ್ತು. ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ತುಂಬ ಜನ. ಒಳಗಿನಿಂದ ಅವರ ದನಿ ಕೇಳುತ್ತಿತ್ತು: "ಉಸಿರು ಹಿಡ್ಕೊಳ್ಳಿ. ಅಲ್ಲಾಡಬೇಡಿ. ಬಿಡಿ." ಆ ಕೊನೆಯ ಮಾತು ಬರುವವರೆಗೆ ನಾನೂ ಉಸಿರು ಹಿಡಿದಿದ್ದೆ ಎಂದು ಆಮೇಲೆ ಗೊತ್ತಾಯಿತು. ಕೈಮುರಿದ ಒಬ್ಬ ಮುದುಕ ಹೊರಗೆ ಬಂದ, ಸಾಲನ್ನು ದಾಟಿ ನಾನು ಒಳಗೆ ನುಗ್ಗಿದೆ. ಬೆಂಚಿನವರು ಬೈದರು. ಬೈಯಲಿ.

ಬಾಗಿಲು ಹಾಕಿ, ಒಂದೇ ಉಸಿರಿನಲ್ಲಿ ಹೇಳಿದೆ. ನಾನು ನೋಡಿದ್ದು ಬೇರೆ ಸಿನಿಮಾ, ಆ ರೈಲು ಬೇರೆಯವರದು, ಪಕ್ಕದ ಬಾಗಿಲಿನದು. ಅವರು ಕಿರಣಗಳನ್ನು ತಡೆಯುವ ಸೀಸದ ಅಂಗಿ ತೊಟ್ಟು ನಿಂತಿದ್ದರು. ಅದು ತುಂಬ ಭಾರವಂತೆ. ಅಂದು ನಿಜವಾಗಲೂ ಭಾರವಾಗಿ ಕಂಡಿತು.

"ಬೆಳಿಗ್ಗೆ ಅರ್ಜಿ ಕೊಟ್ಟುಬಿಟ್ಟೆ" ಎಂದರು.

ಸಿನಿಮಾ ನೋಡಿ ಅರ್ಜಿ ಕೊಡುವವರನ್ನು ನಾನೆಲ್ಲೂ ಕಂಡಿಲ್ಲ ಎಂದು ನನಗೆ ಸಿಟ್ಟು ಬಂತು. ಬಾಯಿಗೂ ಬಂತು. ಆಗ ಅವರು, ನೆಲ ನೋಡುತ್ತಾ, ಹೇಳಬೇಕಾದದ್ದನ್ನು ಹೇಳಿದರು.

"ಆ ಸಿನಿಮಾ ನಾನು ಪೂರ್ತಿ ನೋಡಿದ್ದೆ. ನಿಮಗೆ ಚೀಟಿ ಬರೆಯೋ ಮುಂಚೆನೇ. ಕೊನೆಗೆ ಅವರು ಬೇರೆ ಆಗಲ್ಲ. ಅದನ್ನ ನಿಮ್ಮ ಬಾಯಲ್ಲಿ ಕೇಳಬೇಕು ಅಂತ ಹಾಗೆ ಮಾಡಿದ್ದು. ನಾನಂತೂ ಕೇಳೋ ಹಾಗಿಲ್ಲ, ಸಿನಿಮಾನಾದ್ರೂ ಹೇಳಲಿ ಅಂತ. ನೀವು ರೈಲು ಅಂದ್ರಿ, ಪೆಟ್ಟಿಗೆ ಅಂದ್ರಿ. ಬೇಕಂತಲೇ ಕೊನೆ ಬದಲಾಯಿಸಿ ಹೇಳ್ತಿದ್ದೀರಿ ಅಂದ್ಕೊಂಡೆ. ಆ ಪೊಲೀಸ್ ಅಣ್ಣನ್ನೂ ನೀವೇ ಕಟ್ಟಿದ್ದು ಅಂದ್ಕೊಂಡೆ. ನನ್ನ ಮನಸ್ಸು ನೋಯಿಸದೆ ಕಳಿಸೋಕೆ ಇಷ್ಟೆಲ್ಲ ಕಷ್ಟಪಡ್ತಿದ್ದಾರೆ ಅಂದ್ರೆ, ನಾನು ಹೋಗೋದು ನಿಜವಾಗ್ಲೂ ಬೇಕಾಗಿದೆ ಅಂತ."

ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಗೋಡೆಯ ದೀಪದ ಪೆಟ್ಟಿಗೆಯಲ್ಲಿ ಯಾರದೋ ಎದೆಗೂಡು ನೇತಾಡುತ್ತಿತ್ತು, ಅದನ್ನೇ ನೋಡಿದೆ. ಹೋಗೋದು ಬೇಡ ಎಂದು ಹೇಳಿದೆ. ಜೋರಾಗಿಯೇ ಹೇಳಿದೆ. ಬೆಂಚಿನವರಿಗೂ ಕೇಳಿಸಿರಬೇಕು.

ತಮ್ಮ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಅವರು ರೋಗಿಗಳ ಸಾಲನ್ನು ಬಿಟ್ಟು ಹೊರಟರು, ಸೀಸದ ಅಂಗಿಯಲ್ಲೇ. ವಸತಿ ಗುಮಾಸ್ತನ ಕಿಟಕಿ ತೆರೆದೇ ಇತ್ತು. ಅವನು ಒಳ್ಳೆಯವನೇ, ಆದರೆ ಪಟ್ಟಿ ಅವನ ಕೈ ಬಿಟ್ಟು ಹೋಗಿತ್ತು. ಜೋಡಿ ಮನೆಗೆ ಕಾಯುತ್ತಿದ್ದವರ ಸಾಲು ದೊಡ್ಡದು. ನಮ್ಮ ಮನೆಯನ್ನು ಮಧ್ಯಾಹ್ನವೇ ಒಬ್ಬ ನರ್ಸು ಮತ್ತು ಅವಳ ಗಂಡನ ಹೆಸರಿಗೆ ಬರೆದು ಸಹಿ ಆಗಿತ್ತು. ಅವಳಿಗೆ ಅವಳಿ ಕೂಸು, ಹಾಸ್ಟೆಲಿನ ವರಾಂಡದಲ್ಲಿ ತೊಟ್ಟಿಲು ಇಟ್ಟುಕೊಂಡಿದ್ದಳು. ಆ ತೊಟ್ಟಿಲ ಬಟ್ಟೆಗೆ ಇಸ್ತ್ರಿ ಹಾಕುವವಳು ನಾನು. ಜಗಳ ಆಡಬಹುದಿತ್ತು, ಆದರೆ ಯಾರ ಜೊತೆ? ಮತ್ತೆ ಜೋಡಿಯಾಗಿ ಅರ್ಜಿ ಹಾಕಿ, ಸರದಿ ಬರಲು ಎರಡು ವರ್ಷ ಆದೀತು ಎಂದು ಗುಮಾಸ್ತ ಒಂದು ನಮೂನೆ ಕೊಟ್ಟ. ನಾನು ಅದನ್ನು ಮಡಿಸಿಟ್ಟುಕೊಂಡೆ. ಆ ಮೇಲೆ ಐದು ಗಂಟೆಗೆ ಹತ್ತು ನಿಮಿಷ ಇರುವಾಗ, ಬೀದಿಪಾಲಾಗಬಾರದಲ್ಲ ಎಂದು, ಒಂಟಿ ಕೋಣೆಗೆ ನನ್ನ ಅರ್ಜಿಯನ್ನೂ ಕೊಟ್ಟೆ.

ಈಗ ಅವರು ಹೊಸ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ನಾನು ಎರಡನೆಯದರಲ್ಲಿ. ಕೋಣೆ ಚೆನ್ನಾಗಿದೆ. ಬಾಗಿಲಿಗೆ ಒಳಗಿನಿಂದ ಎರಡು ಚಿಲಕ. ಯಾರೂ ಏನೂ ಕೇಳುವುದಿಲ್ಲ. ಮಧ್ಯಾಹ್ನ ಕೆಲಸದಿಂದ ಬಂದರೆ ತೆಗೆದು ನೋಡಲು ಇನ್ನೊಂದು ಬಾಗಿಲಿಲ್ಲ. ಮೊದಲ ವಾರ ನಾನು ಅಭ್ಯಾಸಬಲದಿಂದ ಗೋಡೆಯ ಅಲಮಾರಿಯ ಬಾಗಿಲು ತೆಗೆದು ನಿಂತಿದ್ದೂ ಉಂಟು. ಒಳಗೆ ನನ್ನ ಸೀರೆಗಳೇ ಇದ್ದವು.

ಮೊದಲ ಭಾನುವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಅವರು ಕುರ್ಚಿ ಹಿಡಿದುಕೊಂಡು ನಿಂತಿದ್ದರು, ಎರಡು ಮಹಡಿ ಇಳಿಸಿಕೊಂಡು ಬಂದಿದ್ದರು. ನೀವು ಉಳಿದರ್ಧ ನೋಡಲೇ ಇಲ್ಲವಲ್ಲ, ಆ ಸಿನಿಮಾ ತೆಗೆದುಬಿಟ್ಟರು, ಹೇಳಿ ಹೋಗೋಣ ಎಂದು ಬಂದೆ ಎಂದರು. ಕೂತು ಒಂದು ದೃಶ್ಯ ಹೇಳಿದರು. ಬೇರೆ ಬೇರೆ ಮನೆಗೆ ಹೋದ ಮೇಲೆ ಗಂಡನಿಗೆ ನಕ್ಷೆಯ ನದಿಗಳು ಸರಿಯಾಗಿ ಬರತೊಡಗುತ್ತವೆ, ಅದೇ ಅವನಿಗೆ ಬೇಸರ. ಅಷ್ಟು ಹೇಳಿ ಎದ್ದರು. ಮುಂದಿನ ಭಾನುವಾರ ಇನ್ನೊಂದು. ಅದರ ಮುಂದಿನ ಭಾನುವಾರ ಮತ್ತೊಂದು. ಹೋಗುವಾಗ ಕುರ್ಚಿಯನ್ನು ನನ್ನಲ್ಲೇ ಬಿಟ್ಟು ಹೋಗತೊಡಗಿದರು.

ನಾಲ್ಕು ತಿಂಗಳಾಯಿತು. ಯಾವ ಸಿನಿಮಾದ ಅರ್ಧವೂ ಅಷ್ಟು ಉದ್ದ ಇರುವುದಿಲ್ಲ ಎಂದು ನನಗೂ ಗೊತ್ತು. ಸುಮಾರು ಐದನೇ ವಾರಕ್ಕೇ ಅವರ ಬಳಿ ಸಿನಿಮಾ ಮುಗಿದಿರಬೇಕು. ಆರನೇ ವಾರ ನಾಯಕನ ಅಣ್ಣ, ಅತ್ತಿಗೆ ಬಂದರು. ಎಂಟನೇ ವಾರ ಹೆಂಡತಿಯ ಮುಂಗೈ ಸುಟ್ಟಿತು, ಗಂಡ ಔಷಧದ ಅಂಗಡಿಯವನನ್ನು ಮೂರು ಸಲ ಪೀಡಿಸಿ ಒಳ್ಳೆಯ ಮುಲಾಮು ತಂದ. ಸಂಗೀತದ ಮೇಡಂ ಕೈ ಸುಟ್ಟುಕೊಳ್ಳುವುದು ಹೇಗೆ ಎಂದು ನಾನು ಕೇಳಲಿಲ್ಲ. ಸುಮ್ಮನೆ ಕೇಳಿಸಿಕೊಂಡೆ, ಮುಂಗೈಯ ಹಳೆಯ ಗುರುತನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಕಳೆದ ಭಾನುವಾರ ಅವರು ಬಂದಾಗ ಸ್ವಲ್ಪ ತಡವಾಗಿತ್ತು. ನಾಲ್ಕು ಬಾರಿ ಬಾಗಿಲು ತೆಗೆದು ಮೆಟ್ಟಿಲು ನೋಡಿದ್ದೆ. ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಒರೆಸುತ್ತಾ ಶುರುಮಾಡಿದರು.

"ಅವರಿಬ್ಬರೂ ಒಂದೇ ಮನೇಲಿದ್ದಾಗಿನ ಒಂದು ವಿಷಯ ಆಗ ಹೇಳೋಕೆ ಬಿಟ್ಟುಹೋಗಿತ್ತು. ದಿನಾ ಮಧ್ಯಾಹ್ನ ಅವನು ಇಲ್ಲದಿರುವಾಗ ಅವಳು ಅವನ ಕೋಣೆ ಬಾಗಿಲು ತೆಗೀತಿದ್ಲು. ಒಳಗೆ ಬರ್ತಿರಲಿಲ್ಲ. ನಿಂತು ನೋಡಿ ಮುಚ್ಚಿ ಹೋಗ್ತಿದ್ಲು. ಅವನಿಗೆ ಗೊತ್ತಿತ್ತು. ಮನೆಗೆ ಬಂದಾಗ ಬಾಗಿಲ ಹಿಡಿಕೆ ಮೇಲೆ ಗಂಜಿಯ ಬಿಳಿ ಹುಡಿ ಇರ್ತಿತ್ತು. ಅದನ್ನ ಒರೆಸದೆ, ಹಿಡಿಕೆಯ ಇನ್ನೊಂದು ತುದಿ ಹಿಡಿದು ಬಾಗಿಲು ತೆಗೆಯೋದು ಕಲಿತಿದ್ದ. ಯಾವತ್ತಾದ್ರೂ ಆ ಹುಡಿ ಇಲ್ಲ ಅಂದ್ರೆ ಅವಳಿಗೆ ಹುಷಾರಿಲ್ಲವೇನೋ ಅಂತ ನಿದ್ದೆ ಬರ್ತಿರಲಿಲ್ಲ."

ಎರಡೂವರೆ ವರ್ಷ ನಾನು ಆ ಮನೆಯಲ್ಲಿ ಒಬ್ಬಳೇ ಇದ್ದೇನೆ ಎಂದುಕೊಂಡಿದ್ದೆ. ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡೆ.

"ಗೊತ್ತಿದ್ದೂ ಅವನು ಯಾಕೆ ಏನೂ ಕೇಳಲಿಲ್ಲ?" ಎಂದೆ. ನಾನು ಅವರಿಗೆ ಕೇಳಿದ ಮೊದಲ ಪ್ರಶ್ನೆ ಅದು.

"ಕೇಳಬಾರದು ಅಂತ ಅವಳೇ ಬರೆಸಿದ್ದಳಲ್ಲ."

ಹೊರಗೆ ಮೆಟ್ಟಿಲಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಹತ್ತಿ ಹೋದರು. ನಾನು ಎದ್ದು ಅಲಮಾರಿಯಿಂದ ನಾಲ್ಕು ತಿಂಗಳ ಹಿಂದೆ ಗುಮಾಸ್ತ ಕೊಟ್ಟಿದ್ದ ಜೋಡಿ ಮನೆಯ ನಮೂನೆಯನ್ನು ತೆಗೆದೆ. ಎಷ್ಟು ಸಲ ಬಿಚ್ಚಿ ಮಡಿಸಿದ್ದೆನೋ, ಮಡಿಕೆಯ ಗೆರೆಗಳು ಹರಿಯುವ ಹಾಗಾಗಿದ್ದವು, ಅಂಚಿನ ಸುತ್ತ ನನ್ನ ಬೆರಳುಗಳ ಬಿಳಿ ಗುರುತು. ಅವರ ತೊಡೆಯ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಆ ಗುರುತುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಜೇಬಿನಲ್ಲಿ ಪೆನ್ನು ಹುಡುಕಿದರು, ಅದು ಸಿಗಲಿಲ್ಲ, ನನ್ನದನ್ನು ಕೊಟ್ಟೆ.